ಹಟ್ಟಿ ಎದ್ದು ಹೋದ ಮೇಲೆ: ಉತ್ತರ ಕೆನ್ಯಾದ ಪಶುಪಾಲಕರ ನಡುವೆ ಕುಟುಂಬ ಯೋಜನೆಯ ಒಂದು ಪ್ರಕರಣ

ಈ ಪ್ರಕರಣ ಉತ್ತರ ಕೆನ್ಯಾದ ಒಣಭೂಮಿಯ ಒಂದು ವಾರ್ಡಿನದು (ಕೌಂಟಿ ಎಂಬ ಜಿಲ್ಲೆಯಂಥ ಘಟಕದ ಒಂದು ಭಾಗ). ಕೌಂಟಿ, ಊರು, ಸಂಸ್ಥೆ, ವ್ಯಕ್ತಿಗಳ ಹೆಸರು ಬಿಟ್ಟಿದೆ. ಗುರುತು ಹತ್ತಬಾರದೆಂದು ಅಕ್ಕಪಕ್ಕದ ವಾರ್ಡುಗಳ ಕೆಲವು ಸಂಗತಿಗಳನ್ನೂ ಇದರೊಳಗೇ ಬೆರೆಸಿದೆ. ಎಷ್ಟು ಜನ ಸೇವೆ ಪಡೆದರು ಎಂಬ ಲೆಕ್ಕ ಇಲ್ಲಿ ಸಿಗುವುದಿಲ್ಲ. ಯಾವ ಹಂತದಲ್ಲಿ ಏನು ತೀರ್ಮಾನವಾಯಿತು, ಅದು ಏಕೆ ಕೈಕೊಟ್ಟಿತು, ಏನು ಬದಲಿಸಿದ ಮೇಲೆ ಕೆಲಸ ಸಾಗಿತು ಎಂಬುದಷ್ಟೇ ಇದೆ.

ಹಿನ್ನೆಲೆ

ಕೆನ್ಯಾದ ನೆಲದಲ್ಲಿ ಶೇ 80ಕ್ಕಿಂತ ಹೆಚ್ಚು ಭಾಗ ಒಣ ಅಥವಾ ಅರೆ ಒಣ ಪ್ರದೇಶ. ದೇಶದ ಸರಾಸರಿ ಅಂಕಿಗಳನ್ನು ನೋಡಿದರೆ ಕುಟುಂಬ ಯೋಜನೆಯ ಕೆಲಸ ಚೆನ್ನಾಗಿಯೇ ನಡೆದಂತೆ ಕಾಣುತ್ತದೆ. 2014ರ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಯ ಪ್ರಕಾರ ವಿವಾಹಿತ ಮಹಿಳೆಯರಲ್ಲಿ ಶೇ 53ರಷ್ಟು ಮಂದಿ ಆಧುನಿಕ ಗರ್ಭನಿರೋಧಕ ಬಳಸುತ್ತಿದ್ದರು. 2022ರಲ್ಲಿ ಅದು ಶೇ 57. ಅದೇ 2014ರ ಸಮೀಕ್ಷೆಯಲ್ಲಿ ಈಶಾನ್ಯದ ವಜೀರ್ ಮತ್ತು ಮಂದೇರಾ ಕೌಂಟಿಗಳದು ಸುಮಾರು ಶೇ 2. ನಡುವಿನ ಈ ಕಂದಕಕ್ಕೆ ವರದಿಗಳು ಕೊಡುತ್ತಾ ಬಂದ ಕಾರಣ ಒಂದೇ: ‘ಸಂಪ್ರದಾಯದ ವಿರೋಧ’.

ಈ ವಾರ್ಡಿನವರು ಬೋರಾನಾ ಮಾತಾಡುವ ಪಶುಪಾಲಕರು, ಬಹುತೇಕ ಮುಸ್ಲಿಮರು. ಒಂಟೆ, ದನ, ಆಡು, ಕುರಿ ಸಾಕುತ್ತಾರೆ. ಹಾಲು ಕೊಡುವ ಪ್ರಾಣಿಗಳು ಹೆಂಗಸರು, ಮಕ್ಕಳು, ಮುದುಕರ ಜತೆ ಹಟ್ಟಿಯಲ್ಲಿ ಉಳಿಯುತ್ತವೆ. ಇದಕ್ಕೆ ವರ್ರಾ ಎನ್ನುತ್ತಾರೆ. ಹಾಲು ಬತ್ತಿದವನ್ನು ಹರೆಯದ ಹುಡುಗರು, ಗಂಡಸರು ದೂರದ ಹುಲ್ಲಿಗೆ ಹೊಡೆದುಕೊಂಡು ಹೋಗುತ್ತಾರೆ; ಅದು ಫೋರಾ. ಗನ್ನಾ ಎಂಬ ದೊಡ್ಡ ಮಳೆ ಮಾರ್ಚ್‌ನಿಂದ ಮೇವರೆಗೆ, ಹಗಯ್ಯಾ ಎಂಬ ಸಣ್ಣ ಮಳೆ ವರ್ಷದ ಕೊನೆಯ ಭಾಗದಲ್ಲಿ. ಹಗಯ್ಯಾ ಮುಗಿದ ಮೇಲಿನ ಬೋನಾ ಬೇಸಿಗೆಯಲ್ಲಿ ವರ್ರಾ ಹಟ್ಟಿಯೂ ನಿಂತಲ್ಲಿ ನಿಲ್ಲುವುದಿಲ್ಲ, ನೀರು ಇರುವ ಕಡೆಗೆ ಸರಿಯುತ್ತದೆ.

ಸೇವೆ ಎಂದರೆ ಒಬ್ಬ ನರ್ಸ್ ಇರುವ ಒಂದು ಸರ್ಕಾರಿ ಡಿಸ್ಪೆನ್ಸರಿ, ಕೆಲವು ಸಮುದಾಯ ಆರೋಗ್ಯ ಕಾರ್ಯಕರ್ತರು, ಮತ್ತು ತಿಂಗಳಿಗೊಮ್ಮೆ ಗೊತ್ತಾದ ತಾರೀಖಿಗೆ ಗೊತ್ತಾದ ಜಾಗಗಳಿಗೆ ಬರುವ ಔಟ್‌ರೀಚ್ ಜೀಪು. ಮಾತ್ರೆ, ಕಾಂಡೋಮ್, ಮೂರು ತಿಂಗಳ ಸೂಜಿ ಸಿಗುತ್ತಿದ್ದವು. ದಾಸ್ತಾನು ಬಂದಾಗ ತೋಳಿನ ಕಡ್ಡಿಯೂ (ತೋಳಿನ ಚರ್ಮದಡಿ ಇಡುವ ಗರ್ಭನಿರೋಧಕ) ಸಿಗುತ್ತಿತ್ತು. ಎಲ್ಲವೂ ಉಚಿತ.

ರಿಜಿಸ್ಟರ್ ಹೇಳಿದ್ದು

ಮೊದಲ ಸೂಜಿಗೆ ಬಂದ ಹೆಂಗಸರು ಎರಡನೆಯದಕ್ಕೆ ಬರುತ್ತಿರಲಿಲ್ಲ. ಕೌಂಟಿ ಕಚೇರಿ ಇದನ್ನು ಒಪ್ಪಿಗೆಯ ಸಮಸ್ಯೆ ಎಂದು ಓದಿತು. ಹಾಗಾಗಿ ಭಿತ್ತಿಪತ್ರ, ರೇಡಿಯೊ ಮಾತು, ಊರ ಮುಂದೆ ಸಭೆ ಎಂದು ಅರಿವು ಮೂಡಿಸುವ ಕೆಲಸ ಶುರುವಾಯಿತು. ಸಭೆಗೆ ಜನ ಬಂದರು, ಚಹಾ ಕುಡಿದರು, ಹೋದರು. ರಿಜಿಸ್ಟರ್ ಇದ್ದ ಹಾಗೇ ಇತ್ತು.

ಹೊರಳು ದಾರಿ ಸಿಕ್ಕಿದ್ದು ಒಂದು ಸರಳ ಕೆಲಸದಿಂದ. ರಾಷ್ಟ್ರೀಯ ಬರ ನಿರ್ವಹಣಾ ಪ್ರಾಧಿಕಾರ ಒಣಭೂಮಿಯ ಪ್ರತಿ ಕೌಂಟಿಗೂ ತಿಂಗಳಿಗೊಂದು ವರದಿ ಹೊರಡಿಸುತ್ತದೆ. ಮೇವಿನ ಸ್ಥಿತಿ, ಮನೆಯಿಂದ ನೀರಿಗೆ ಎಷ್ಟು ದೂರ, ಮೇಯುವ ಜಾಗದಿಂದ ನೀರಿಗೆ ಎಷ್ಟು ದೂರ ಎಂಬುದೆಲ್ಲ ಅದರಲ್ಲಿ ಇರುತ್ತದೆ. ರಿಜಿಸ್ಟರಿನಲ್ಲಿ ‘ಬಿಟ್ಟುಹೋದವರು’ ಎಂದು ಗುರುತಾದ ತಾರೀಖುಗಳನ್ನು ಈ ವರದಿಗಳ ಪಕ್ಕದಲ್ಲಿಟ್ಟು ನೋಡಲಾಯಿತು. ನೀರಿನ ದೂರ ಏರಿದ ತಿಂಗಳುಗಳಲ್ಲೇ ಹೆಂಗಸರು ಕಾಣೆಯಾಗಿದ್ದರು. ಸೂಜಿ ಬೇಡವಾಗಿ ಬಿಟ್ಟಿದ್ದರೆ ಅದು ವರ್ಷವಿಡೀ ಒಂದೇ ತೆರ ಕಾಣಬೇಕಿತ್ತು.

ಆಮೇಲೆ ಸೂಲಗಿತ್ತಿಯರ ಮೂಲಕ ಹೆಂಗಸರನ್ನೇ ಕೇಳಲಾಯಿತು. ನೇರ ಪ್ರಶ್ನಾವಳಿ ಹಿಡಿದು ಹೋದವರಿಗೆ ‘ದೇವರು ಕೊಟ್ಟಷ್ಟು’ ಎಂಬ ಉತ್ತರ ಬಂದಿತ್ತು. ಸೂಲಗಿತ್ತಿಯರಿಗೆ ಸಿಕ್ಕ ಉತ್ತರ ಬೇರೆ. ಹಟ್ಟಿ ಎದ್ದು ಹೋಗಿತ್ತು, ಜೀಪು ಹಳೇ ಜಾಗಕ್ಕೇ ಬಂದು ನಿಂತಿತ್ತು. ಕೆಲವರು ನಡೆದು ಡಿಸ್ಪೆನ್ಸರಿ ತಲುಪಿದ್ದರು, ಆದರೆ ‘ದಿನ ಮೀರಿದೆ, ಮುಟ್ಟಾದ ಮೇಲೆ ಬಾ’ ಎಂದು ವಾಪಸು ಕಳಿಸಿದ್ದರು. ಸೂಜಿ ಹಾಕಿಸಿಕೊಂಡವರಲ್ಲಿ ಎಷ್ಟೋ ಜನಕ್ಕೆ ಮುಟ್ಟೇ ನಿಂತಿರುತ್ತದೆ. ಅಂಥವರು ಮತ್ತೆ ಬರುವುದಾದರೂ ಯಾವಾಗ?

ಮೊದಲ ತಿದ್ದುಪಡಿ: ದಿನದ ಲೆಕ್ಕ

ಇದಕ್ಕೆ ಹಣ ಬೇಕಿರಲಿಲ್ಲ. ಮೂರು ತಿಂಗಳ ಸೂಜಿಯ ಮದ್ದು ಡಿಎಂಪಿಎ, ಅದರ ಅಂತರ 13 ವಾರ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 2 ವಾರ ಮುಂಚೆ ಬಂದರೂ, 4 ವಾರ ತಡವಾಗಿ ಬಂದರೂ ಕಾಂಡೋಮಿನಂಥ ಹೆಚ್ಚಿನ ರಕ್ಷಣೆ ಇಲ್ಲದೆಯೇ ಮುಂದಿನ ಸೂಜಿ ಕೊಡಬಹುದು. ಅಂದರೆ 11ನೇ ವಾರದಿಂದ 17ನೇ ವಾರದವರೆಗೆ ಬಾಗಿಲು ತೆರೆದೇ ಇರುತ್ತದೆ. ಡಿಸ್ಪೆನ್ಸರಿಯಲ್ಲಿ ಪಾಲನೆಯಾಗುತ್ತಿದ್ದದ್ದು ಕಾರ್ಡಿನ ಮೇಲೆ ಬರೆದ ಒಂದೇ ದಿನ. 17 ವಾರ ಮೀರಿದವರಿಗೂ ಮುಟ್ಟಿಗಾಗಿ ಕಾಯಬೇಕಿಲ್ಲ. ಗರ್ಭಿಣಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಆರು ಪ್ರಶ್ನೆಗಳ ಪಟ್ಟಿಯಿದೆ: ಆರು ತಿಂಗಳೊಳಗಿನ ಕೂಸಿಗೆ ಮೊಲೆಹಾಲು ಬಿಟ್ಟು ಬೇರೇನೂ ಕೊಡದೆ, ಮುಟ್ಟೂ ಬಾರದೆ ಇದೆಯೇ, ಕಳೆದ ಮುಟ್ಟಿನ ನಂತರ ಗಂಡನ ಜತೆ ಸೇರಿಲ್ಲವೇ, ನಾಲ್ಕು ವಾರದೊಳಗೆ ಹೆರಿಗೆಯಾಗಿದೆಯೇ, ಹೀಗೆ. ಒಂದಕ್ಕೆ ಹೌದು ಎಂದರೂ, ಗರ್ಭದ ಲಕ್ಷಣ ಇಲ್ಲದಿದ್ದರೆ, ಅಂದೇ ಶುರು ಮಾಡಬಹುದು. ಗಂಡ ಫೋರಾಕ್ಕೆ ಹೋಗಿ ತಿಂಗಳುಗಟ್ಟಲೆ ಬಾರದ ಹೆಂಗಸರ ವಿಷಯದಲ್ಲಿ ಎರಡನೇ ಪ್ರಶ್ನೆಯೇ ಸಾಕಾಗುತ್ತಿತ್ತು.

ಕಾರ್ಡಿನ ತಾರೀಖು ಓದಲು ಬಾರದವರಿಗೆ ಏನು ಮಾಡುವುದು ಎಂಬುದಕ್ಕೆ ಉತ್ತರ ಒಬ್ಬ ಸೂಲಗಿತ್ತಿಯಿಂದ ಬಂತು: ಚಂದ್ರ ಎಣಿಸಿರಿ. ಲೆಕ್ಕ ಹಾಕಿ ನೋಡಿದರೆ ಅದು ಚೆನ್ನಾಗಿ ಕೂಡಿ ಬರುತ್ತದೆ. ಮೂರು ಚಾಂದ್ರಮಾಸ ಎಂದರೆ 88–89 ದಿನ, ಹನ್ನೆರಡೂವರೆ ವಾರಕ್ಕೆ ತುಸು ಹೆಚ್ಚು. 11ನೇ ವಾರ ಕಳೆದ ಮೇಲೆಯೇ ಬೀಳುತ್ತದೆ. ನಾಲ್ಕು ಚಾಂದ್ರಮಾಸ ಎಂದರೆ 118 ದಿನ. 17 ವಾರಕ್ಕೆ 119. ಹೀಗಾಗಿ ‘ಸೂಜಿಯ ದಿನದಿಂದ ಮೂರು ಚಾಂದ್ರಮಾಸ ಕಳೆದಾಗ ಹೊರಡು’ ಎಂದು ಹೇಳಿಕೊಡಲಾಯಿತು. ನಾಲ್ಕನೆಯದು ಕೊನೆಯ ಗಡಿ ಎಂದು ನರ್ಸ್‌ಗೆ ಗೊತ್ತಿತ್ತು, ಹೆಂಗಸರಿಗೆ ಹೇಳಲಿಲ್ಲ. ಗಡಿಯನ್ನೇ ದಿನವೆಂದು ಹೇಳಿಕೊಟ್ಟರೆ ದಾರಿಯಲ್ಲಿ ಕಳೆಯುವ ಎರಡು ದಿನ ಅದನ್ನು ಮುರಿಯುತ್ತದೆ.

ಜೀಪು ಎಲ್ಲಿ ನಿಲ್ಲಬೇಕು

ತಿಂಗಳ ತಾರೀಖು ಬಿಟ್ಟು, ಬರ ವರದಿ ಮತ್ತು ಹಟ್ಟಿಯ ಯಜಮಾನರ ಮಾತು ಎರಡನ್ನೂ ನೋಡಿ ಔಟ್‌ರೀಚ್ ಜಾಗ ಗೊತ್ತುಮಾಡುವುದು ಎಂದಾಯಿತು. ಯಜಮಾನನನ್ನು ಅಬ್ಬಾ ಒಲ್ಲಾ ಎನ್ನುತ್ತಾರೆ. ಹಟ್ಟಿ ಯಾವ ಕಡೆ ಸರಿಯುತ್ತದೆ ಎಂಬುದು ಆತನಿಗೆ ವರದಿಗಿಂತ ಮೊದಲೇ ಗೊತ್ತಿರುತ್ತದೆ. ಬೇಸಿಗೆಯಲ್ಲಿ ಕೊಳವೆ ಬಾವಿಯ ಬಳಿ, ಮಳೆಗಾಲದಲ್ಲಿ ಹಟ್ಟಿಗಳ ನಡುವೆ.

ಬಾವಿಯ ಬಳಿಯ ಮೊದಲ ಶಿಬಿರ ಸೋತಿತು. ಒಂಟೆಗಳಿಗೆ ನೀರು ಕುಡಿಸುವ ದಿನ ಅದು, ಸುತ್ತ ಗಂಡಸರೇ. ಹೆಂಗಸರು ಮಕ್ಕಳಿಗೆ ಲಸಿಕೆ ಹಾಕಿಸಿ ಹೊರಟುಹೋದರು. ಹೆಂಗಸರು ಕತ್ತೆಗಳ ಮೇಲೆ ಕ್ಯಾನು ಹೇರಿಕೊಂಡು ನೀರಿಗೆ ಬರುವ ಹೊತ್ತು ಬೆಳಗಿನ ಜಾವ. ದೊಡ್ಡ ಹಿಂಡುಗಳಿಗೆ ಸರದಿ ಇಲ್ಲದ ದಿನವನ್ನು ಬಾವಿಯ ಉಸ್ತುವಾರಿ ನೋಡುವವರಿಂದ ಮೊದಲೇ ಕೇಳಿಕೊಂಡು, ಬೆಳಕು ಹರಿಯುವ ಮುಂಚೆ ಡೇರೆ ಹಾಕಬೇಕು ಎಂದಾಯಿತು. ಅಂದರೆ ತಂಡ ಹಿಂದಿನ ರಾತ್ರಿ ಅಲ್ಲೇ ಮಲಗಬೇಕು. ಈ ಒಂದು ಸಣ್ಣ ವಿಷಯಕ್ಕೆ ಭತ್ಯೆಯ ನಿಯಮ ಅಡ್ಡ ಬಂದು, ಒಪ್ಪಿಗೆ ಸಿಗಲು ಇಡೀ ಯೋಜನೆಗೆ ಹಿಡಿದಷ್ಟೇ ಹೊತ್ತು ಹಿಡಿಯಿತು.

ಜಾನುವಾರು ಲಸಿಕೆ ಮತ್ತು ಜನರ ಲಸಿಕೆಯನ್ನು ಒಂದೇ ಓಡಾಟದಲ್ಲಿ ಕೊಡುವ ಕ್ರಮವನ್ನು ಚಾಡ್ ದೇಶದ ಅಲೆಮಾರಿಗಳಲ್ಲಿ ಪ್ರಯೋಗಿಸಿ ಫಲ ಕಂಡಿದ್ದಾರೆ. ಇಲ್ಲೂ ಅದನ್ನು ಮಾಡಿ ನೋಡಲಾಯಿತು. ಮಕ್ಕಳ ಲಸಿಕೆಗೆ ಅದು ಚೆನ್ನಾಗಿ ಹೊಂದಿತು. ಕುಟುಂಬ ಯೋಜನೆಗೆ ಹೊಂದಲಿಲ್ಲ. ಆಡಿಗೆ ಸೂಜಿ ಹಾಕುವವರ ಜೀಪಿನಿಂದಲೇ ಹೆಂಗಸರ ಸೂಜಿಯೂ ಇಳಿದದ್ದನ್ನು ಕಂಡು, ಆಡುಗಳೂ ಬಂಜೆಯಾಗುತ್ತವೆ ಎಂಬ ಮಾತು ಹುಟ್ಟಿತು. ಈ ಮಾತನ್ನು ಅಲ್ಲಗಳೆಯುತ್ತ ಕೂರುವುದಕ್ಕಿಂತ ಎರಡನ್ನೂ ಬೇರೆ ಮಾಡುವುದೇ ಅಗ್ಗವಾಗಿತ್ತು. ಮಕ್ಕಳ ಲಸಿಕೆಯ ಡೇರೆಯ ಒಳಮನೆಯಲ್ಲೇ ಕುಟುಂಬ ಯೋಜನೆ ಎಂದು ತೀರ್ಮಾನವಾಯಿತು. ಅಲ್ಲಿಗೆ ಹೋಗುವ ತಾಯಿಯನ್ನು ಯಾರೂ ಏಕೆ ಎಂದು ಕೇಳುವುದಿಲ್ಲ. ಇದರಿಂದ ಬೇರೊಂದು ತಪ್ಪು ಹುಟ್ಟಿತು: ಸಿಬ್ಬಂದಿ ಸೂಜಿ ಮದ್ದನ್ನೂ ಲಸಿಕೆಯ ಐಸ್ ಪೆಟ್ಟಿಗೆಯಲ್ಲೇ ಇಟ್ಟರು. ಡಿಎಂಪಿಎ ಹೆಪ್ಪುಗಟ್ಟಬಾರದು, ಆ ಪೆಟ್ಟಿಗೆಯದನ್ನೆಲ್ಲ ಎಸೆಯಬೇಕಾಯಿತು. ಈಗ ಅದು ಬಟ್ಟೆ ಸುತ್ತಿದ ಬೇರೆ ಡಬ್ಬಿಯಲ್ಲಿ, ಸೀಟಿನ ಕೆಳಗೆ, ನೆರಳಿನಲ್ಲಿ ಹೋಗುತ್ತದೆ.

ಹಿರಿಯರ ಜತೆಗಿನ ಮಾತುಕತೆ

ಅಬ್ಬಾ ಒಲ್ಲಾಗಳು ಮತ್ತು ಒಬ್ಬ ಇಮಾಮರ ಜತೆ ಮಾತು ನಡೆಯಿತು. ‘ಮಕ್ಕಳನ್ನು ಕಡಿಮೆ ಮಾಡಿ’ ಎಂಬ ಮಾತಿಗೆ ಅಲ್ಲಿ ಕಿವಿಯೇ ಇಲ್ಲ. ಹೆರಿಗೆಗಳ ನಡುವಿನ ಅಂತರಕ್ಕೆ ನೆಲೆ ಆಗಲೇ ಇತ್ತು: ಕೂಸಿಗೆ ಎರಡು ವರ್ಷ ತುಂಬಾ ಹಾಲೂಡುವ ಮಾತು ಕುರಾನಿನ ಎರಡನೇ ಅಧ್ಯಾಯದಲ್ಲೇ ಇದೆ. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು ಬಿಡಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅಷ್ಟೇ ಕಾಲದ್ದು. ಇಮಾಮರು ಇದನ್ನು ತಾವೇ ಎತ್ತಿ ಹೇಳಿದರು.

ಹಿರಿಯರು ಎರಡು ಷರತ್ತು ಹಾಕಿದರು. ಒಂದು, ಶಾಶ್ವತ ಶಸ್ತ್ರಚಿಕಿತ್ಸೆಯ ಮಾತು ಸಭೆಯಲ್ಲಿ ಬೇಡ. ಇದಕ್ಕೆ ಒಪ್ಪಲಾಯಿತು, ಯಾರಾದರೂ ಒಳಗೆ ಬಂದು ತಾವಾಗಿ ಕೇಳಿದರೆ ಹೇಳುವುದಕ್ಕೆ ಅಡ್ಡಿಯಿರಲಿಲ್ಲ. ಇನ್ನೊಂದು, ಗಂಡನ ಒಪ್ಪಿಗೆಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಇದಕ್ಕೆ ಒಪ್ಪಲಿಲ್ಲ. ಕೆನ್ಯಾದ 2010ರ ಸಂವಿಧಾನದ 43ನೇ ವಿಧಿ ಸಂತಾನ ಆರೋಗ್ಯ ಸೇವೆಯನ್ನು ಪ್ರತಿ ವ್ಯಕ್ತಿಯ ಹಕ್ಕು ಎನ್ನುತ್ತದೆ. ಗರ್ಭನಿರೋಧಕಕ್ಕೆ ಗಂಡನ ಸಹಿ ಬೇಕೆಂಬ ನಿಯಮ ಇಲ್ಲ. ಅದರ ಮೇಲೆ ಫೋರಾದಲ್ಲಿರುವ ಗಂಡನ ಒಪ್ಪಿಗೆ ಎಂದರೆ ಬೇಸಿಗೆಯಿಡೀ ಸೇವೆ ಮುಚ್ಚಿದಂತೆ. ಮಾತುಕತೆ ಇಲ್ಲಿ ಮುರಿಯುವುದರಲ್ಲಿತ್ತು. ಉಳಿಸಿದ್ದು ಗಂಡಸರಿಗೇ ಬೇರೆ ಸಭೆ ಇಡುವ ಮಾತು. ಹಾಲು, ಕೂಸಿನ ತೂಕ, ತಾಯಿಯ ರಕ್ತಹೀನತೆ, ಮಕ್ಕಳಾಗದ ದಂಪತಿಗಳಿಗೆ ಎಲ್ಲಿ ತೋರಿಸಬೇಕು ಎಂಬ ವಿಷಯಗಳನ್ನು ಗಂಡಸು ಸಿಬ್ಬಂದಿಯೇ ಗಂಡಸರೊಡನೆ ಮಾತಾಡಿದರು. ಬಂಜೆತನದ ಮಾತು ಸೇರಿಸಿದ್ದು ದೊಡ್ಡ ಲಾಭ ತಂದಿತು: ಮಕ್ಕಳು ಬೇಡ ಎನ್ನಲು ಬಂದವರು ಎಂಬ ಅನುಮಾನ ಕರಗಿದ್ದು ಅದರಿಂದಲೇ.

ತೋಳಿನ ಕಡ್ಡಿಯ ಬಿಕ್ಕಟ್ಟು

ಅಲೆದಾಡುವವರಿಗೆ ಕಡ್ಡಿಗಿಂತ ಅನುಕೂಲದ ಸಾಧನವಿಲ್ಲ ಎಂದು ಎಲ್ಲರೂ ಎಣಿಸಿದ್ದರು. ಒಂದೇ ಕಡ್ಡಿಯ ಇಂಪ್ಲಾನಾನ್ ಮೂರು ವರ್ಷಕ್ಕೆ, ಎರಡು ಕಡ್ಡಿಯ ಜಾಡೆಲ್ ಐದು ವರ್ಷಕ್ಕೆ. ಮತ್ತೆ ಮತ್ತೆ ಬರಬೇಕಿಲ್ಲ. ಒಂದು ಸಂಸ್ಥೆಯ ತಂಡ ಬಂದು ಕಡ್ಡಿ ಹಾಕಿ ಹೋಯಿತು. ಕೆಲವು ತಿಂಗಳ ಮೇಲೆ ಒಬ್ಬಾಕೆ ತೆಗೆಸಲು ಡಿಸ್ಪೆನ್ಸರಿಗೆ ಬಂದಳು. ನರ್ಸ್‌ಗೆ ಹಾಕುವ ತರಬೇತಿ ಇತ್ತು, ತೆಗೆಯುವ ಅಭ್ಯಾಸ ಇರಲಿಲ್ಲ; ಮಸ್ಕಿಟೊ ಫೋರ್ಸೆಪ್ಸ್ ಎಂಬ ಸಣ್ಣ ಚಿಮಟ ಇರಲಿಲ್ಲ, ಮರಗಟ್ಟಿಸುವ ಮದ್ದು ಲಿಡೊಕೇನ್ ಮುಗಿದಿತ್ತು. ಮೊದಲು ‘ಇನ್ನೂ ಸ್ವಲ್ಪ ದಿನ ಇರಲಿ’ ಎಂದರು, ಆಮೇಲೆ ಕೌಂಟಿ ಆಸ್ಪತ್ರೆಗೆ ಹೋಗಲು ಹೇಳಿದರು. ಆಕೆ ಹೋಗಲಿಲ್ಲ, ಹಟ್ಟಿಗೆ ಮರಳಿದಳು. ಹಾಕಿದ್ದನ್ನು ತೆಗೆಯುವವರಿಲ್ಲ ಎಂಬ ಸುದ್ದಿ ಜೀಪಿಗಿಂತ ವೇಗವಾಗಿ ಹರಡಿತು. ಕಡ್ಡಿಗೆ ಬರುವವರು ನಿಂತರು. ಸೂಜಿಗೆ ಬರುವವರೂ ಕಡಿಮೆಯಾದರು.

ಇಲ್ಲಿ ತೆಗೆದುಕೊಂಡ ತೀರ್ಮಾನ ಕಠಿಣದ್ದು, ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಸರಿಯಾದದ್ದು. ತೆಗೆಯುವ ವ್ಯವಸ್ಥೆ ಆಗುವವರೆಗೆ ಹೊಸದಾಗಿ ಒಂದೂ ಕಡ್ಡಿ ಹಾಕಬಾರದು ಎಂದಾಯಿತು. ಗುರಿ ಮುಟ್ಟುವ ಒತ್ತಡವಿದ್ದ ಕೌಂಟಿ ಕಚೇರಿಗೆ ಇದು ಹಿಡಿಸಲಿಲ್ಲ.

ತೆಗೆಯಲು ಬೇಕಾದ ಸಾಮಾನು ದೊಡ್ಡದೇನೂ ಅಲ್ಲ: ಶೇ 1ರ ಲಿಡೊಕೇನ್, ಸಿರಿಂಜ್, 11ನೇ ನಂಬರಿನ ಬ್ಲೇಡು, ನೆಟ್ಟಗಿನ ಮತ್ತು ಬಾಗಿದ ಮಸ್ಕಿಟೊ ಫೋರ್ಸೆಪ್ಸ್, ಕ್ರಿಮಿಶುದ್ಧ ಕೈಗವಸು, ಗಾಜ್ ಎಂಬ ಜಾಳು ಬಟ್ಟೆ, ಪಟ್ಟಿ. ತೊಡಕು ಹುಟ್ಟುವುದು ಹಾಕುವಾಗಲೇ. ಚರ್ಮದ ಕೆಳಗೇ ಇಟ್ಟರೆ ಬೆರಳಿಗೆ ಸಿಗುತ್ತದೆ, ಸುಮಾರು 2 ಮಿ.ಮೀ. ಸೀಳಿನಿಂದ ಹೊರಗೆ ಬರುತ್ತದೆ. ಆಳಕ್ಕೆ ಇಳಿಸಿದರೆ ಹುಡುಕಬೇಕಾಗುತ್ತದೆ. ಹಾಕಿದ ಕೂಡಲೇ ನರ್ಸ್ ಮತ್ತು ಆ ಹೆಂಗಸು ಇಬ್ಬರೂ ಮುಟ್ಟಿ ನೋಡಬೇಕು ಎಂಬುದು ಕಡ್ಡಾಯವಾಯಿತು. ತೆಗೆಯುವಾಗ ಬೆರಳಿಗೆ ಸಿಗದ ಕಡ್ಡಿಗೆ ಹೊರಗಿನ ಶಿಬಿರದಲ್ಲಿ ಬ್ಲೇಡು ತಾಕಿಸಬಾರದು. ಅದನ್ನು ಸ್ಕ್ಯಾನ್ ಇರುವ ಆಸ್ಪತ್ರೆಗೇ ಕಳಿಸಬೇಕು, ಕಳಿಸುವ ಖರ್ಚನ್ನು ಯೋಜನೆಯೇ ಕೊಡಬೇಕು.

ನರ್ಸ್‌ಗೆ ಅಭ್ಯಾಸವಾದ ಮೇಲೆ ಹಿಂದೆ ಹಾಕಿಸಿಕೊಂಡವರಿಗೆ ‘ತೆಗೆಸಬೇಕೆಂದರೆ ಬನ್ನಿ, ಕಾರಣ ಕೇಳುವುದಿಲ್ಲ’ ಎಂದು ಸೂಲಗಿತ್ತಿಯರ ಮೂಲಕ ಹೇಳಿ ಕಳಿಸಲಾಯಿತು. ಬಂದವರು ಕೆಲವರು ತೆಗೆಸಿಕೊಂಡರು, ಕೆಲವರು ಕೇಳಿ ಖಾತ್ರಿ ಮಾಡಿಕೊಂಡು ಇಟ್ಟುಕೊಂಡರು. ಹೊಸಬರು ಮತ್ತೆ ಬರತೊಡಗಿದ್ದು ಆಮೇಲೆ.

ರಕ್ತಸ್ರಾವ ಮತ್ತು ನೀರು

ಮೊದಲ ತಿಂಗಳುಗಳಲ್ಲಿ ಹನಿ ಹನಿ ರಕ್ತ ಹೋಗುವುದು ಸೂಜಿಗೂ ಕಡ್ಡಿಗೂ ಇರುವ ಮಾಮೂಲು ಅಡ್ಡಪರಿಣಾಮ. ವೈದ್ಯಕೀಯವಾಗಿ ಅಪಾಯವಿಲ್ಲ ಎಂದು ಹೇಳಿ ಮುಗಿಸುವುದು ರೂಢಿ. ಆದರೆ ಇಲ್ಲಿ ರಕ್ತ ಕಂಡ ದಿನ ನಮಾಜು ಮಾಡಬಹುದೇ, ಉಪವಾಸ ಹಿಡಿಯಬಹುದೇ ಎಂಬ ಪ್ರಶ್ನೆ ಏಳುತ್ತದೆ. ಕುಡಿಯುವ ನೀರಿಗೇ ಅರ್ಧ ದಿನ ನಡೆಯುವ ಬೇಸಿಗೆಯಲ್ಲಿ ಬಟ್ಟೆ ತೊಳೆಯಲು ನೀರು ಎಲ್ಲಿಂದ? ಬಿಟ್ಟವರು ಹೇಳಿದ ಕಾರಣಗಳಲ್ಲಿ ಇದು ಗಟ್ಟಿಯಾದದ್ದು, ಯಾವ ವರದಿಯಲ್ಲೂ ಇರಲಿಲ್ಲ.

ಅದಕ್ಕೇ ಹೊಸದಾಗಿ ಶುರು ಮಾಡುವವರಿಗೆ, ಅವರು ಕಾಯಲು ಒಪ್ಪಿದರೆ ಮಾತ್ರ, ಮಳೆಗಾಲದ ಆರಂಭವನ್ನು ಸೂಚಿಸಲಾಯಿತು. ರಕ್ತಸ್ರಾವದ ತಿಂಗಳುಗಳು ಆಗ ನೀರಿರುವ ಕಾಲಕ್ಕೆ ಬೀಳುತ್ತವೆ. ನಮಾಜಿನ ಪ್ರಶ್ನೆಗೆ ಇಮಾಮರ ಮನೆಯಾಕೆ ಉತ್ತರ ಹೇಳುತ್ತಿದ್ದರು, ನರ್ಸ್ ಹೇಳುತ್ತಿರಲಿಲ್ಲ. ಕಡ್ಡಿಯವರಿಗೆ ತೀರಾ ಕಾಡಿದರೆ ಇಬುಪ್ರೊಫೆನ್ 800 ಮಿ.ಗ್ರಾಂ. ದಿನಕ್ಕೆ ಮೂರು ಬಾರಿ ಐದು ದಿನ, ಊಟದ ಜತೆ, ಹೊಟ್ಟೆ ಹುಣ್ಣಿನ ತೊಂದರೆ ಇದೆಯೇ ಎಂದು ಕೇಳಿಕೊಂಡು.

ಇನ್ನೊಂದು ಎಚ್ಚರ ಹೊಸ ಸೊಸೆಯರ ವಿಷಯದಲ್ಲಿ. ಡಿಎಂಪಿಎ ನಿಲ್ಲಿಸಿದ ಮೇಲೆ ಬಸಿರಾಗಲು ಕೊನೆಯ ಸೂಜಿಯಿಂದ ಸರಾಸರಿ 10 ತಿಂಗಳು ಹಿಡಿಯಬಹುದು. ಇದನ್ನು ಮೊದಲೇ ಹೇಳದೆ ಹಾಕಿದ ಒಂದು ಸೂಜಿ ಹಟ್ಟಿಯಲ್ಲಿ ‘ಬಂಜೆ ಸೂಜಿ’ ಎಂಬ ಹೆಸರು ಗಳಿಸಲು ಸಾಕು. ಒಂದು ವರ್ಷದ ಅಂತರ ಸಾಕು ಎನ್ನುವವರಿಗೆ ಮಾತ್ರೆ ಅಥವಾ ಕಡ್ಡಿಯ ಬಗ್ಗೆ ಮೊದಲು ಹೇಳುವುದು ರೂಢಿಯಾಯಿತು. ಇವನ್ನು ಬಿಟ್ಟರೆ ಫಲವತ್ತತೆ ತಡವಿಲ್ಲದೆ ಮರಳುತ್ತದೆ.

ತಾನೇ ಹಾಕಿಕೊಳ್ಳುವ ಸೂಜಿ, ಮತ್ತು ಬರ

ಚರ್ಮದಡಿಗೆ ಹಾಕುವ ಡಿಎಂಪಿಎಯಲ್ಲಿ 104 ಮಿ.ಗ್ರಾಂ. ಮದ್ದು 0.65 ಮಿ.ಲೀ. ದ್ರವದಲ್ಲಿರುತ್ತದೆ; ಸೂಜಿ, ಮದ್ದು ಎರಡೂ ಒಂದೇ ಪುಟ್ಟ ಪೊಟ್ಟಣದಲ್ಲಿ ಬರುತ್ತವೆ. ಹೆಂಗಸು ತಾನೇ ಹಾಕಿಕೊಳ್ಳುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಶಿಫಾರಸು ಮಾಡಿದೆ. ಕಲಿಸುವ ಕ್ರಮ ಹೀಗಿತ್ತು. ಪೊಟ್ಟಣವನ್ನು ಅರ್ಧ ನಿಮಿಷ ಜೋರಾಗಿ ಅಲ್ಲಾಡಿಸುವುದು. ಮುಚ್ಚಳ ಮತ್ತು ಕೊರಳಿನ ನಡುವಿನ ಸಂದು ಮುಚ್ಚುವವರೆಗೆ ಒತ್ತುವುದು. ಹೊಸಬರು ಎಡವುವುದು ಇಲ್ಲೇ, ಪೂರ್ತಿ ಒತ್ತದಿದ್ದರೆ ಮದ್ದು ಹೊರಗೆ ಬರುವುದಿಲ್ಲ. ಹೊಟ್ಟೆ ಅಥವಾ ತೊಡೆಯ ಮುಂಭಾಗದ ಚರ್ಮ ಚಿವುಟಿ ಹಿಡಿದು, ಸೂಜಿ ಕೆಳಮುಖವಾಗಿ ಚುಚ್ಚಿ, 5–7 ಸೆಕೆಂಡು ನಿಧಾನಕ್ಕೆ ಹಿಂಡುವುದು. ಆಮೇಲೆ ಉಜ್ಜಬಾರದು. ಉಪ್ಪು ತುಂಬಿದ ಕಾಂಡೋಮಿನ ಮೇಲೆ ಅಭ್ಯಾಸ, ಮೊದಲ ನಿಜವಾದ ಸೂಜಿ ನರ್ಸ್ ಎದುರಿಗೆ, ಆಮೇಲೆ ಮೂರು ಪೊಟ್ಟಣ ಕೈಗೆ: ಒಟ್ಟು ಒಂದು ವರ್ಷದ ಲೆಕ್ಕ.

ಒಂದು ಹಟ್ಟಿಯಲ್ಲಿ ಅತ್ತೆಗೆ ಪೊಟ್ಟಣ ಸಿಕ್ಕಿ ಜಗಳವಾಯಿತು. ಅಂದಿನಿಂದ ಕೊಡುವ ಮುಂಚೆ ‘ಎಲ್ಲಿಡುತ್ತೀಯಮ್ಮ?’ ಎಂದು ಕೇಳುವುದು ನಿಯಮ. ಜಾಗವಿಲ್ಲದವರ ಪೊಟ್ಟಣ ಸೂಲಗಿತ್ತಿಯ ಬಳಿ. ಬಳಸಿದ ಸೂಜಿ ಮುಚ್ಚಳವಿರುವ ತಗಡಿನ ಡಬ್ಬಿಗೆ, ಡಬ್ಬಿ ಮುಂದಿನ ಶಿಬಿರಕ್ಕೆ.

2020ರ ಕೊನೆಯಿಂದ 2022ರ ಕೊನೆಯವರೆಗೆ ಸಾಲಾಗಿ ಐದು ಮಳೆಗಾಲ ಕೈಕೊಟ್ಟವು. ಜೀಪಿನ ಇಂಧನ ನೀರು ಸಾಗಿಸಲು ಹೋಯಿತು, ಔಟ್‌ರೀಚ್ ನಿಂತಿತು. ನರ್ಸ್ ಹಾಕುವ ಸೂಜಿ ನೆಚ್ಚಿಕೊಂಡಿದ್ದವರು ತಪ್ಪಿಹೋದರು. ಪೊಟ್ಟಣ ಕೈಯಲ್ಲಿದ್ದವರು, ಕಡ್ಡಿ ಇದ್ದವರು ಮುಂದುವರಿದರು. ದನ ಕಳೆದುಕೊಂಡು ರಸ್ತೆಬದಿಗೆ ಬಂದು ನೆಲೆಸಿದ ಕುಟುಂಬಗಳಿಗೆ ಪರಿಹಾರದ ಧಾನ್ಯ ಹಂಚುವ ಜಾಗದಲ್ಲೇ ಸೇವೆ ಕೊಡಲು ಆಲೋಚನೆ ಬಂದಾಗ ತಂಡ ಹಿಂಜರಿಯಿತು, ಅದು ಸರಿ. ಧಾನ್ಯ ಕೊಡುವ ಕೈಯೇ ಸೂಜಿಯನ್ನೂ ಹಿಡಿದರೆ, ಬೇಡ ಎನ್ನುವ ಧೈರ್ಯ ಹಸಿದವರಿಗೆ ಇರುವುದಿಲ್ಲ. ಹಂಚಿಕೆ ಇಲ್ಲದ ದಿನ, ಬೇರೆ ಜಾಗದಲ್ಲಿ ಡೇರೆ ಹಾಕಿದರು.

ಮಳೆ ಮರಳಿದಾಗ ಕಡ್ಡಿ ತೆಗೆಸುವವರ ಸಾಲು ಬಂತು. ಬರದ ಕಾಲಕ್ಕೆಂದು ಹಾಕಿಸಿಕೊಂಡವರಿಗೆ ಈಗ ಕೂಸು ಬೇಕಿತ್ತು. ಮಾಸಿಕ ವರದಿ ಇದನ್ನು ಇಳಿಕೆ ಎಂದು ತೋರಿಸಿತು. ಆದ್ದರಿಂದ ತೆಗೆದದ್ದನ್ನೂ ಕೊಟ್ಟ ಸೇವೆಯ ಅಂಕಣದಲ್ಲೇ ಎಣಿಸುವಂತೆ ವಾರ್ಡಿನ ವರದಿ ನಮೂನೆ ತಿದ್ದಲಾಯಿತು, ಲಿಡೊಕೇನ್ ಬೇಡಿಕೆಯನ್ನು ಮಳೆಯ ಮುಂಚೆಯೇ ಕಳಿಸಲಾಗುತ್ತಿದೆ.

ಬಗೆಹರಿಯದ ಒಂದು ತೊಡಕು ಗಡಿ. ಹುಲ್ಲು ಹುಡುಕಿ ಹಟ್ಟಿಗಳು ಇಥಿಯೋಪಿಯಾಕ್ಕೆ ದಾಟುತ್ತವೆ. ಅಲ್ಲಿನ ರಿಜಿಸ್ಟರ್ ಬೇರೆ, ಕಾರ್ಡು ಬೇರೆ. ಬೇಕೆನ್ನುವವರಿಗೆ ಅಕ್ಷರವಿಲ್ಲದ ಚೀಟಿ ಕೊಡಲಾಗುತ್ತದೆ: ಯಾವ ತೋಳು, ಕಡ್ಡಿ ಒಂದೋ ಎರಡೋ, ಸೂಜಿಯಾದರೆ ಎಷ್ಟು ಚಂದ್ರ ಕಳೆದಿದೆ ಎಂಬ ಚಿತ್ರ. ಆಚೆಯಿಂದ ಈಚೆಗೆ ಬರುವವರ ಬಳಿ ಅಂಥದ್ದು ಇರುವುದಿಲ್ಲ. ಅವರ ವಿಷಯದಲ್ಲಿ ನರ್ಸ್ ತೋಳು ಮುಟ್ಟಿ ಕಡ್ಡಿ ಎಣಿಸಿ, ಆರು ಪ್ರಶ್ನೆ ಕೇಳಿ, ಅಲ್ಲಿಂದ ಶುರು ಮಾಡುತ್ತಾರೆ.